ನಮ್ಮ ಮನೆಯ ಎರಡು ವೋಟು

ಎಲೆನ್‌ಬ್ರೂಕ್, ಪರ್ತ್
೨೧ ಆಗಸ್ಟ್ ೨೦೧೬

ಪ್ರೀತಿಯ ನಾಗವೇಣಿ,

ನಾವಿಲ್ಲಿ ಕ್ಷೇಮ. ನೀನೂ ನಟರಾಜ್ ಅವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ನಿಮ್ಮ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನಲ್ಲಿ ಕೆರೆ ಸುತ್ತ ವಾಕಿಂಗ್ ಮಾಡುತ್ತಾ ನನ್ನನ್ನು ಬೈದುಕೊಂಡಿರುತ್ತೀಯ. ಬೈ, ತಪ್ಪಿಲ್ಲ. ಫೋನು ಮಾಡೋಣವೆಂದರೆ ಇವರು ದಿನವಿಡೀ ಮನೆಯಲ್ಲೇ ಇರುತ್ತಾರೆ. ವಾಟ್ಸಪ್ಪಿನಲ್ಲಿ ಬರೆಯೋಣವೆಂದರೆ ಬೆಳಿಗ್ಗೆ ಒಬ್ಬರಿಗೆ ಬರೆದದ್ದು ಸಂಜೆಯೊಳಗೆ ನಾಲ್ಕು ಗುಂಪು ಸುತ್ತಿ ನಮ್ಮ ಮನೆಗೇ ಬರುತ್ತದೆ. ನೀನು ಪರ್ತ್ ಬಿಟ್ಟು ಹೋದ ಎರಡು ವರ್ಷದಲ್ಲಿ ಇಲ್ಲಿ ಇಷ್ಟು ಬದಲಾಗಿದೆ. ಕಾಗದವೇ ವಾಸಿ, ಇಲ್ಲಿನ ಅಂಚೆಯವನಿಗೆ ಕನ್ನಡ ಬರುವುದಿಲ್ಲ.

ವಿಷಯ ಏನೆಂದರೆ, ಚುನಾವಣೆ ಬಂದಿದೆ. ಸರ್ಕಾರದ್ದಲ್ಲ. ಅದು ಜುಲೈನಲ್ಲೇ ಮುಗಿಯಿತು, ಮೇಜಿನ ಮೇಲೆ ಹಾಸುವ ಬಟ್ಟೆಯಷ್ಟು ಉದ್ದದ ಮತಪತ್ರ ಕೊಟ್ಟಿದ್ದರಲ್ಲ, ನಿಮಗೂ ಹಾಗೇ ಇತ್ತೇ? ಇದು ನಮ್ಮ ಸ್ವಾನ್ ಕನ್ನಡ ಕೂಟದ ಅಧ್ಯಕ್ಷರ ಚುನಾವಣೆ. ನೀನಿದ್ದಾಗ ಇಂಥದ್ದೊಂದು ಇರಲೇ ಇಲ್ಲ. ಹಿರಿಯರು ನಾಲ್ವರು ಕೂತು ಕಾಫಿ ಕುಡಿದು ಏಳುವಷ್ಟರಲ್ಲಿ ಅವರಲ್ಲೊಬ್ಬರು ಅಧ್ಯಕ್ಷರಾಗಿರುತ್ತಿದ್ದರು. ಈ ಸಲ ಇಬ್ಬರು ನಿಂತಿದ್ದಾರೆ. ಒಬ್ಬರು ನಮ್ಮ ಮನೆಯವರೇ, ವೇಣುಗೋಪಾಲರಾಯರು.

ನಗಬೇಡ. ಮೇ ತಿಂಗಳಲ್ಲಿ ಇವರ ಗಣಿ ಕಂಪನಿಯವರು ಇನ್ನು ಕೆಲಸವಿಲ್ಲ ಎಂದದ್ದು ನಿನಗೆ ಗೊತ್ತು. ಐವತ್ತೆಂಟರ ಇಂಜಿನಿಯರನ್ನು ಯಾರು ಹೊಸದಾಗಿ ಕರೆಯುತ್ತಾರೆ? ಜೂನ್ ತಿಂಗಳಿಡೀ ಗಡ್ಡ ಕೂಡ ತೆಗೆಯದೆ ಹಿತ್ತಲಿನಲ್ಲಿ ನಿಂತು ಬೇಲಿ ನೋಡುತ್ತಿದ್ದರು. ಪಕ್ಕದ ಮನೆಯವಳು ಬೇಲಿಯೇನಾದರೂ ಬೀಳುವುದರಲ್ಲಿದೆಯೇ ಎಂದು ನನ್ನನ್ನು ಕೇಳಿದಳು. ಚುನಾವಣೆಗೆ ನಿಲ್ಲುತ್ತೇನೆಂದು ತೀರ್ಮಾನ ಮಾಡಿದ ಮಾರನೆಯ ದಿನ ಗಡ್ಡ ತೆಗೆದು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕಾರಿನ ಕೀ ಎಲ್ಲಿ ಎಂದು ಕೇಳಿದರು. ನಾನು ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಇವರು ಗೆಲ್ಲಬೇಕು ನಾಗವೇಣಿ. ಕೂಟಕ್ಕೆ ಇವರು ಬೇಕೋ ಬೇಡವೋ, ಇವರಿಗೆ ಕೂಟ ಬೇಕು.

ಎದುರಿಗೆ ನಿಂತಿರುವವಳು ಸೌಜನ್ಯ. ನೀನು ನೋಡಿಲ್ಲ. ಮೈಸೂರಿನವಳು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಮನೆ ಫ್ರೀಮ್ಯಾಂಟಲಿನಲ್ಲಿ. ಬೆಂಗಳೂರಿನಿಂದ ಗಾಯಕರನ್ನು ಕರೆಸುವ ಬದಲು ಮಕ್ಕಳಿಗೆ ಪ್ರತಿ ಶನಿವಾರ ಕನ್ನಡ ತರಗತಿ ನಡೆಸೋಣ ಎನ್ನುತ್ತಾಳೆ. ಕೂಟದ ಅಡುಗೆ ಗಂಡಸರೂ ಮಾಡಲಿ ಎನ್ನುತ್ತಾಳೆ. ಇವರು ಅದನ್ನು ಕೇಳಿ ನಕ್ಕು, ಇಂಜೆಕ್ಷನ್ ಕೊಟ್ಟು ಮಲಗಿಸುವವಳು ನಮ್ಮನ್ನು ಎಬ್ಬಿಸಲು ಬಂದಿದ್ದಾಳೆ ಎಂದರು.

ಹಿಂದೆ ಮನೆಗೊಂದು ಸದಸ್ಯತ್ವ, ಮನೆಗೊಂದು ವೋಟು ಇತ್ತಲ್ಲ? ಯಜಮಾನರು ಕೈ ಎತ್ತಿದರೆ ಮುಗಿಯಿತು. ಕಳೆದ ವರ್ಷ ಇವರೇ ಮುಂದೆ ನಿಂತು, ಹದಿನೆಂಟು ದಾಟಿದವರಿಗೆಲ್ಲ ಒಂದೊಂದು ವೋಟು, ಅದೂ ಚೀಟಿಯಲ್ಲಿ, ಗುಟ್ಟಾಗಿ ಎಂದು ನಿಯಮ ತಿದ್ದಿಸಿದರು. ದೊಡ್ಡ ಮನಸ್ಸು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಗಿನ ಲೆಕ್ಕ ನನಗೆ ಗೊತ್ತು. ಹಳಬರ ಮನೆಗಳಲ್ಲಿ ಬೆಳೆದ ಮಕ್ಕಳಿದ್ದಾರೆ, ಒಂದು ವೋಟು ನಾಲ್ಕಾಗುತ್ತದೆ. ಹೊಸಬರ ಮನೆಯಲ್ಲಿರುವುದು ತೊಟ್ಟಿಲು.

ಈಗ ವಾರಾಂತ್ಯವೆಲ್ಲ ಮನೆ ಮನೆ ಸುತ್ತುವುದೇ ಕೆಲಸ. ವರಮಹಾಲಕ್ಷ್ಮಿ ಹಬ್ಬ ಬಂದದ್ದು ಅನುಕೂಲವಾಯಿತು, ಕುಂಕುಮಕ್ಕೆ ಕರೆದವರ ಮನೆಗೆಲ್ಲ ಇಬ್ಬರೂ ಹೋದೆವು. ಇವರು ಹಾಲಿನಲ್ಲಿ, ನಾನು ಅಡುಗೆಮನೆಯಲ್ಲಿ. ಎಲ್ಲೆಲ್ಲೂ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು, "ನಮ್ಮನೆ ವೋಟು ನಿಮಗೇ ಸಾರ್, ಕೇಳ್ಬೇಕಾ" ಎಂಬ ಮಾತು. ನನಗೆ ಸಿಕ್ಕ ರವಿಕೆ ಕಣಗಳಲ್ಲಿ ಒಂದು ಹೋದ ವರ್ಷ ನಾನೇ ಯಾರಿಗೋ ಕೊಟ್ಟದ್ದು. ಗೆಲುವಿನಲ್ಲಿ ನನಗೆ ಅನುಮಾನವಿಲ್ಲ.

ಮಂಡಿ ನೋವು ಹೇಗಿದೆ ಬರೆ.

ನಿನ್ನ
ಮೈತ್ರೇಯಿ

*

ಅಡಿಲೇಡ್
೧೮ ಸೆಪ್ಟೆಂಬರ್ ೨೦೧೬

ಪ್ರೀತಿಯ ನಾಗವೇಣಿ,

ನಿಕಿತಾ ಬೇರೆ ಮನೆಗೆ ಬದಲಾದಳು, ಅಡುಗೆಮನೆ ಜೋಡಿಸಿಕೊಡಲು ಬಂದಿದ್ದೇನೆ. ಮಗಳು ಮೂರು ಸೌಟು, ಒಂದು ಬಾಣಲೆ ಇಟ್ಟುಕೊಂಡು ಸಂಸಾರ ಮಾಡುತ್ತಿದ್ದಾಳೆ. ನಾನು ಕನ್ನಡದಲ್ಲಿ ಬೈಯುತ್ತೇನೆ, ಅವಳು ಇಂಗ್ಲಿಷಿನಲ್ಲಿ ಸಮಾಧಾನ ಮಾಡುತ್ತಾಳೆ. ಇಲ್ಲಿ ಇನ್ನೂ ಚಳಿ. ನೀನು ಕಳಿಸಿದ ಎಣ್ಣೆ ಇವರ ಭುಜಕ್ಕೂ ಒಳ್ಳೆಯದಾಯಿತು.

ಪರ್ತಿನ ಸುದ್ದಿ ಹೇಳುತ್ತೇನೆ, ನೀನು ಕಾಯುತ್ತಿರುವುದು ಅದಕ್ಕೇ. ಜನರ ಮನಸ್ಸು ತಿರುಗುತ್ತಿದೆ. ನನಗೆ ಹೇಗೆ ಗೊತ್ತು ಎಂದರೆ, ಉಪಚಾರ ಜಾಸ್ತಿಯಾಗಿದೆ. ಆಗಸ್ಟಿನಲ್ಲಿ ಬಿಸ್ಕತ್ತು ಕೊಟ್ಟವರು ಗೌರಿ ಹಬ್ಬ ಕಳೆದ ಮೇಲೆ ಕೇಸರಿಬಾತು, ಉದ್ದಿನವಡೆ ಕೊಡುತ್ತಿದ್ದಾರೆ. ಕ್ಯಾನಿಂಗ್‌ವೇಲಿನ ಚಂದ್ರಮೌಳಿಯವರ ಮನೆಯಲ್ಲಂತೂ ಒಬ್ಬಟ್ಟು, ಮೇಲೆ ತುಪ್ಪ, ಬೇಡವೆಂದರೂ ಇನ್ನೊಂದು. ಇವರು ಕಾರಿನಲ್ಲಿ ಕೂತು, ನೋಡಿದೆಯಾ ಅಲೆ ಹೇಗೆದ್ದಿದೆ ಎಂದು ಹಿಗ್ಗಿದರು. ನಾನು ಬೇರೆ ಲೆಕ್ಕ ಹಾಕುತ್ತಿದ್ದೆ. ವೋಟು ಕೊಡುವವರು ಒಬ್ಬಟ್ಟು ಯಾಕೆ ಕೊಡುತ್ತಾರೆ? ಕೊಡದೆ ಇರುವವರಿಗೆ ಬರಿಗೈಲಿ ಕಳಿಸಲು ಮನಸ್ಸು ಬರುವುದಿಲ್ಲ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ.

ನಮ್ಮ ಬೀದಿಯ ಮೈಥಿಲಿಯನ್ನೇ ನೋಡು. ಅವಳ ಗಂಡ ರಮಾಕಾಂತ್ ಇವರ ಬಲಗೈ. ಹಾಲಿನಲ್ಲಿ ಆತ, ನಮ್ಮನೆ ನಾಲ್ಕೂ ವೋಟು ಬರೆದುಕೊಳ್ಳಿ ಎಂದು ಹೇಳುತ್ತಿದ್ದದ್ದು ನಮಗೆ ಒಳಗೆ ಕೇಳಿಸಿತು. ಮೈಥಿಲಿ ಒಗ್ಗರಣೆ ಸೌಟು ಕೆಳಗಿಟ್ಟಳು. "ಹತ್ತು ವರ್ಷದಿಂದ ರಾಜ್ಯೋತ್ಸವಕ್ಕೆ ನಂದೇ ಪುಳಿಯೋಗರೆ," ಎಂದಳು. "ಒಂದು ವರ್ಷಾನೂ ಪ್ರೋಗ್ರಾಂ ನೋಡಿಲ್ಲ ಮೈತ್ರೇಯಿ. ನನ್ ಮಗಳು ಡಾನ್ಸ್ ಮಾಡಿದ್ದು ವಿಡಿಯೋದಲ್ಲಿ ನೋಡಿದೆ." ಅಷ್ಟೇ. ಯಾರಿಗೆ ಹಾಕುತ್ತೇನೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಲಿಗೆ ಉಪ್ಪಿಟ್ಟಿನ ತಟ್ಟೆ ತೆಗೆದುಕೊಂಡು ಹೋಗಿ ನಗುನಗುತ್ತಾ ಬಡಿಸಿದಳು.

ಇಂಥ ಮಾತು ಈಗ ಎಲ್ಲ ಅಡುಗೆಮನೆಯಲ್ಲೂ ಇದೆ. ಮೊದಲೆಲ್ಲ ಯಾರು ಬಂದರೇನು ಎನ್ನುತ್ತಿದ್ದವರು, ಕಾರ್ಯಕ್ರಮ ಮಕ್ಕಳು ನಿದ್ದೆ ಹೋಗುವ ತನಕ ಯಾಕೆ ಎಳೆಯುತ್ತೀರಿ, ಸಮಿತಿಯಲ್ಲಿ ನಾವು ಯಾಕಿಲ್ಲ ಎಂದು ಕೇಳುತ್ತಿದ್ದಾರೆ. ಕೇಳುವುದು ಮಾತ್ರ ನನ್ನನ್ನು, ಇವರನ್ನಲ್ಲ. ಸೌಜನ್ಯ ವಾರದ ದಿನ ಮಧ್ಯಾಹ್ನ, ಇಲ್ಲಿಯವರು ಆರ್ವೋ ಎನ್ನುವ ಹೊತ್ತಿನಲ್ಲಿ, ಗಂಡಸರು ಆಫೀಸಿನಲ್ಲಿರುವಾಗ, ನೇರ ಅಡುಗೆಮನೆಗೇ ಹೋಗುತ್ತಾಳಂತೆ. ದೊಡ್ಡ ಮಕ್ಕಳನ್ನು ಪ್ರತ್ಯೇಕವಾಗಿ ಮಾತಾಡಿಸುತ್ತಾಳಂತೆ. ಹೀಗೆಂದು ಇವರಿಗೆ ಹೇಳಿದೆ. ಇವರು ನನ್ನ ಬೆನ್ನು ತಟ್ಟಿ, "ಹೆಂಗಸ್ರ ಗೊಣಗಾಟ ಕಣೇ ಅದು, ವೋಟಲ್ಲ" ಎಂದರು. ಆಮೇಲೆ ಬೆರಳು ಮಡಿಸಿ ಮತ್ತೆ ಮನೆಗಳನ್ನು ಎಣಿಸಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಬೆಂಗಳೂರಿನ ಗಾಯಕರಿಗೆ ದಿನವನ್ನೂ ಗೊತ್ತು ಮಾಡಿಟ್ಟಿದ್ದಾರೆ.

ನಿಕಿತಾಳ ಮನೆಯ ಟೀವಿಯಲ್ಲಿ ಸದಾ ಅಮೆರಿಕದ ಅಧ್ಯಕ್ಷರ ಚುನಾವಣೆ. ಯಾರು ಗೆಲ್ಲುತ್ತಾರೆಂದು ಪಂಡಿತರು ಬಣ್ಣಬಣ್ಣದ ನಕ್ಷೆ ಹಾಕಿಕೊಂಡು ಹೇಳುತ್ತಾರೆ. ಇವರಲ್ಲಿ ಯಾರಾದರೂ ಒಂದು ಅಡುಗೆಮನೆಗೆ ಹೋಗಿ ಕೂತಿದ್ದಾರೆಯೇ ಎಂದೆ. ನಿಕಿತಾ ಟೀವಿ ಆರಿಸಿ, "ಅಮ್ಮಾ, ಹೂ ಆರ್ ಯೂ ವೋಟಿಂಗ್ ಫಾರ್?" ಎಂದಳು. ಇದೇನು ಪ್ರಶ್ನೆ, ಅಪ್ಪನಿಗೆ ಅಲ್ಲದೆ ಇನ್ಯಾರಿಗೆ ಎಂದೆ. ಅವಳು ಭುಜ ಕುಣಿಸಿ ಟೋಸ್ಟು ಮಾಡಿಕೊಳ್ಳಲು ಹೋದಳು.

ಆದರೂ ಇವರು ದಡ ಮುಟ್ಟುತ್ತಾರೆ ಎಂದೇ ನನ್ನ ನಂಬಿಕೆ. ಹೋದ ತಕ್ಷಣ ನವರಾತ್ರಿ ಗೊಂಬೆ ಕೂರಿಸಿ ಎಲ್ಲರನ್ನೂ ಮನೆಗೆ ಕರೆಯುತ್ತೇನೆ. ಹೆಂಗಸರ ಹತ್ತಿರ ನಾನೇ ಮಾತಾಡುತ್ತೇನೆ.

ನಿನ್ನ
ಮೈತ್ರೇಯಿ

*

ಎಲೆನ್‌ಬ್ರೂಕ್, ಪರ್ತ್
೧೯ ಅಕ್ಟೋಬರ್ ೨೦೧೬

ಪ್ರೀತಿಯ ನಾಗವೇಣಿ,

ಭಾನುವಾರವೇ ಬರೆಯಬೇಕಿತ್ತು, ಆಗಲಿಲ್ಲ. ಇವರು ಸೋತರು. ಕೂದಲೆಳೆಯಲ್ಲಿ ಅಲ್ಲ, ಚೆನ್ನಾಗಿಯೇ ಸೋತರು. ನೀನು ಬೇಜಾರು ಮಾಡಿಕೊಳ್ಳುವ ಮೊದಲೇ ಹೇಳುತ್ತೇನೆ, ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ.

ಭಾನುವಾರ ಚುನಾವಣೆ ನಡೆದ ಹಾಲಿನಲ್ಲಿ ಹಬ್ಬದ ಹಾಗೆ ಜನ. ಸರ್ಕಾರದ ಚುನಾವಣೆಗೆ ಬರದಿದ್ದರೆ ದಂಡ, ಕೂಟದ್ದಕ್ಕೆ ದಂಡವಿಲ್ಲವಲ್ಲ, ಅದಕ್ಕೆ ಬಿಸಿಬೇಳೆಬಾತು. ಎಂದಿನಂತೆ ನಾವು ಐದಾರು ಹೆಂಗಸರು ಬೆಳಿಗ್ಗೆಯೇ ಹೋಗಿ ಒಲೆ ಹಚ್ಚಿದೆವು. ಹುರುಳಿಕಾಯಿ ಹೆಚ್ಚುತ್ತಿದ್ದೆ, ಸೌಜನ್ಯ ಬಂದು ನನ್ನ ಪಕ್ಕದಲ್ಲಿ ನಿಂತಳು. ಚಾಕು ತೆಗೆದುಕೊಂಡು ತಾನೂ ಒಂದು ಹಿಡಿ ಹೆಚ್ಚಿದಳು. ಆಮೇಲೆ ತಲೆ ಎತ್ತದೆ ಹೇಳಿದಳು. "ಆಂಟಿ, ನಿಮ್ ವೋಟು ನಂಗೆ ಕೊಡ್ತೀರಾ?"

ನಿನಗೆ ತಲೆ ಕೆಟ್ಟಿದೆಯಾ, ನಾನು ಅವರ ಹೆಂಡತಿ ಎಂದೆ.

"ಗೊತ್ತು ಆಂಟಿ. ಕೊಡ್ದೇ ಇದ್ರೂ ಬೇಜಾರಿಲ್ಲ. ಎಲ್ರನ್ನೂ ಕೇಳಿ ನಿಮ್ಮನ್ನ ಕೇಳ್ದೆ ಇದ್ರೆ ನಿಮ್ಗೆ ಒಂದು ವೋಟಿದೆ ಅನ್ನೋದನ್ನೇ ಮರ್ತ ಹಾಗಾಗುತ್ತೆ, ಅದಕ್ಕೆ."

ಮೈಥಿಲಿ ಬೇಕೆಂತಲೇ ಕುಕ್ಕರಿನ ಮುಚ್ಚಳ ಸದ್ದು ಮಾಡಿದಳು. ಎಲ್ಲರೂ ನಕ್ಕೆವು. ಸೌಜನ್ಯ ಚಾಕು ತೊಳೆದಿಟ್ಟು ಹೊರಟುಹೋದಳು. ಊಟಕ್ಕೆ ಮುಂಚೆ ನಾನೂ ಹೋಗಿ ಸಾಲಿನಲ್ಲಿ ನಿಂತು ಚೀಟಿ ಹಾಕಿ ಬಂದೆ.

ಫಲಿತಾಂಶ ಓದಿದಾಗ ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಮತ್ತೆ ಬೇಲಿಯ ಮುಂದೆ ಹೋಗಿ ನಿಲ್ಲುತ್ತಾರೆ ಎಂಬ ಭಯ ನನಗೆ. ಇವರು ದೊಡ್ಡ ಮನುಷ್ಯರ ಹಾಗೆ ಎದ್ದು ಹೋಗಿ ಅವಳಿಗೆ ಹಾರ ಹಾಕಿದರು. ಅವಳು ಹಾರ ತೆಗೆದು ಕೈಯಲ್ಲಿ ಹಿಡಿದು, ಶನಿವಾರದ ತರಗತಿಗೆ ನೀವೇ ಮೇಷ್ಟ್ರಾಗಬೇಕು, ಮಕ್ಕಳನ್ನು ಗದರಿಸುವ ಗಂಟಲು ನಮ್ಮಲ್ಲಿ ಇನ್ಯಾರಿಗೂ ಇಲ್ಲ ಎಂದಳಂತೆ. ಯೋಚನೆ ಮಾಡುತ್ತೇನೆ ಎಂದು ಬಂದರು. ಸೋಮವಾರ ಬೆಳಿಗ್ಗೆ ಮೊದಲು ಗಡ್ಡ ತೆಗೆದರು. ನಿನ್ನೆ ಹೋಗಿ ದೊಡ್ಡ ಅಕ್ಷರದಲ್ಲಿ ವರ್ಣಮಾಲೆ ಅಚ್ಚು ಹಾಕಿಸಿಕೊಂಡು ಬಂದರು. ಈಗ ಊಟದ ಮೇಜಿನ ತುಂಬ ಅ ಆ ಇ ಈ. ಒಂದು ತರಗತಿಗೆ ಎಷ್ಟು ಅಕ್ಷರ ಕಲಿಸಬೇಕೆಂದು ನನ್ನ ಹತ್ತಿರ ಜಗಳ ಮಾಡುತ್ತಿದ್ದಾರೆ. ಆದ್ದರಿಂದ ಇವರ ಚಿಂತೆ ಬಿಡು, ಇವರು ಎದ್ದು ನಿಂತಾಯಿತು.

ರಾಜ್ಯೋತ್ಸವಕ್ಕೆ ಗಂಡಸರದ್ದೇ ಅಡುಗೆಯಂತೆ. ರಮಾಕಾಂತ್ ಈಗಲೇ ಮೈಥಿಲಿಯ ಹತ್ತಿರ ಪುಳಿಯೋಗರೆ ಗೊಜ್ಜಿಗೆ ಹುಣಸೆಹಣ್ಣು ನೆನೆಸುವುದು ಕಲಿಯುತ್ತಿದ್ದಾನೆ. ಹೊಟ್ಟೆ ಕೆಟ್ಟರೂ ಚಿಂತೆಯಿಲ್ಲ, ಮೊದಲ ಸಾಲಿನಲ್ಲಿ ಕೂತು ನೋಡುತ್ತೇವೆ. ನೀನೂ ಬಾ, ಟಿಕೆಟ್ ಮಾಡಿಸು, ನಮ್ಮ ಮನೆಯಲ್ಲೇ ಇರು. ನಟರಾಜ್ ಅವರಿಗೆ ನಮಸ್ಕಾರ. ನಿನ್ನ ಮೊಮ್ಮಗುವಿಗೆ ಆಯುಸ್ಸು, ಆರೋಗ್ಯ, ನನ್ನ ನಿನ್ನ ಹಾಗೆ ಜಗಳವಾಡುವ ಒಬ್ಬಳು ಗೆಳತಿ, ಇಷ್ಟನ್ನೂ ದೇವರು ಕೊಡಲಿ.

ನಿನ್ನ
ಮೈತ್ರೇಯಿ

ತಾ.ಕ.: ನಾನು ಯಾರಿಗೆ ಹಾಕಿದೆ ಎಂದು ನೀನು ಕೇಳಿಯೇ ಕೇಳುತ್ತೀಯ. ಸೌಜನ್ಯಳಿಗೆ. ಶನಿವಾರದ ತರಗತಿಗಾಗಿ ಅಲ್ಲ, ಅಡುಗೆಯ ಕಾರಣಕ್ಕೂ ಅಲ್ಲ. ಎರಡು ತಿಂಗಳು ಇವರ ಪಕ್ಕದ ಸೀಟಿನಲ್ಲಿ ಕೂತು ಇಡೀ ಪರ್ತ್ ಸುತ್ತಿದೆ. ಇವರು ಮನೆ ಮನೆಯಲ್ಲೂ ಕೈಮುಗಿದು ವೋಟು ಕೇಳುವುದನ್ನು ನೋಡಿದೆ. ಆಗಷ್ಟೇ ಹದಿನೆಂಟು ತುಂಬಿದ ಹುಡುಗಿಯರನ್ನೂ ಕೇಳಿದರು. ನನ್ನನ್ನು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಕಾರು ಹತ್ತುವ ತನಕ ಕಾದೆ. ತಮಾಷೆಗೆ ಕೇಳಿದ್ದರೂ ಹಾಕುತ್ತಿದ್ದೆ ಕಣೇ. ನನ್ನ ಒಂದು ವೋಟಿನಿಂದ ಇವರು ಸೋಲಲಿಲ್ಲ, ಅದರ ಸಂಕಟ ನನಗಿಲ್ಲ. ಮೂರು ದಿನದಿಂದ ಅಕ್ಷರಗಳ ನಡುವೆ ಕೂತು, ಮಾತು ಕೊಟ್ಟು ಕೈಕೊಟ್ಟವರು ಯಾರು ಎಂದು ಒಬ್ಬೊಬ್ಬರ ಮೇಲೂ ಅನುಮಾನ ಪಡುತ್ತಿದ್ದಾರೆ. ರಮಾಕಾಂತನ ಮೇಲೆ ಅನುಮಾನ, ಚಂದ್ರಮೌಳಿಯವರ ಮೇಲೆ ಅನುಮಾನ. ಬ್ರಿಸ್ಬೇನಿನಲ್ಲಿರುವ ನಿನ್ನ ಮೇಲೂ ಇದೆ, ಮೈಥಿಲಿಯ ಕಿವಿ ಊದಿದವಳು ನೀನೇ ಅಂತೆ. ಇದನ್ನೆಲ್ಲ ನನ್ನ ಹತ್ತಿರವೇ ಹೇಳುತ್ತಾರೆ. ಅನುಮಾನ ಪಡುವುದಕ್ಕಾದರೂ ನಾನು ಅವರ ನೆನಪಿಗೆ ಬರಲಿಲ್ಲ.