ಸಂಗನಬಸುವಿನ ನಾಚಿಕೆಯೂಟದಲ್ಲಿ ನಾನು ಹೇಳದೆ ಬಿಟ್ಟದ್ದು

ಕೊಲ್ಹಾರದ ಹಿನ್ನೀರ ದಂಡೆ
ಫೆಬ್ರವರಿ 30, 2131

ನಾನಿನ್ನೂ ಹುಟ್ಟಿರದ ಕಾಲದ ಮುತ್ತಜ್ಜ ಮುತ್ತಜ್ಜಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತನೆಯ ದಿನ ಕೊಡಿಸಿದವನು ನಾನೇ. ದಿಲ್ಲಿಯವರು ಆಗದು ಅಂದರು, ಮೇಜು ಕುಟ್ಟಿ ಮಾಡಿಸಿಕೊಂಡು ಬಂದೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವನ ಬರಹ ಒರಟೆನಿಸಿದರೆ, ನಮ್ಮ ಕಾಲದ ಶಬ್ದಗಳು ವಿಚಿತ್ರವೆನಿಸಿದರೆ, ಹೊಟ್ಟೆಗೆ ಹಾಕಿಕೊಳ್ಳಿ. ದಿನಗಳ ಹರಿವಿಗೆ ಎದುರಾಗಿ ಈಜುವ ಹಿಂದಂಚೆಯಲ್ಲಿ ಈ ಕಾಗದ ಹಾಕುತ್ತಿದ್ದೇನೆ.

ನನ್ನ ಕೆಲಸ ಬಿಸಿಲುಹಲಗೆ ತೊಳೆಯುವುದು. ಹಿನ್ನೀರಿನ ಮೇಲೆ ಮೈಲಿಗಟ್ಟಲೆ ತೇಲುವ ಈ ಹಲಗೆಗಳಿಂದಲೇ ನಮ್ಮ ದೀಪ, ನಮ್ಮ ಗಿರಣಿ. ಕೊಕ್ಕರೆಗಳಿಗೆ ಅವೇ ಪಾಯಖಾನೆ. ಮೊಸರನ್ನು ಮಾತ್ರ ಇಂದಿಗೂ ಮಣ್ಣಿನ ಗಡಿಗೆಯಲ್ಲೇ ಹೆಪ್ಪು ಹಾಕುತ್ತೇವೆ. ಹದಿನಾಲ್ಕು ತುಂಬಿದ ಮಕ್ಕಳಿಗೆ ಅಂಗೈಗನ್ನಡಿ ಕೊಡುತ್ತೇವೆ. ಅದು ನಿಮ್ಮ ಮೊಬೈಲಿನ ಮರಿಮೊಮ್ಮಗಳು. ಕೊಡುವ ಮೊದಲು ನಾಚಿಕೆಯೂಟ. ಸೋದರಮಾವನಾದವನು ಮಗುವಿನ ಎದುರು ಕೂತು, ರೊಟ್ಟಿ ಮುರಿಯುವ ಮುಂಚೆ, ಕನ್ನಡಿಯೊಳಗೆ ತಾನು ಹೇಗೆ ಮೋಸಹೋದೆ, ಯಾರೂ ನೋಡಬಾರದ ಎಂಥ ಪಟ ಕಳಿಸಿದೆ, ಎಷ್ಟು ಕಳೆದುಕೊಂಡೆ ಎಂದು ಎಲ್ಲರ ಮುಂದೆ ಹೇಳಬೇಕು. ನಾಳೆ ಯಾರಾದರೂ ಬೆದರಿಸಿದರೆ ಯಾರ ಬಾಗಿಲು ತಟ್ಟಬೇಕೆಂದು ಮಗುವಿಗೆ ತಿಳಿದಿರಲಿ ಎಂದು ಈ ಪದ್ಧತಿ.

ತಂಗಿ ಶಾವಂತ್ರೆವ್ವನ ಮಗ ಸಂಗನಬಸುವಿನ ಊಟದಲ್ಲಿ ನಾನು ಸುಳ್ಳು ಹೇಳಿದೆ. ಹೆಣ್ಣಿನ ಮುಖ ತೊಟ್ಟು ಬಂದ ಮೋಸಗಾರನನ್ನು ಗೋಳೋ ಎಂದು ಅಳುವಂತೆ ಮಾಡಿ, ಮೂಗು ಒರೆಸಿ ಕಳಿಸಿದೆ, ನನ್ನ ಒಂದು ಪೈಸೆಯೂ ಹೋಗಲಿಲ್ಲ ಎಂದೆ. ಜನ ಬಿದ್ದು ಬಿದ್ದು ನಕ್ಕರು.

“ಮಾವಾ, ಒಮ್ಮೆನೂ ಅಂಜಿಕಿ ಬರಲಿಲ್ಲೇನು?” ಎಂದು ಕೇಳಿದ ಹುಡುಗ.

“ಅಂಜಿಕಿ? ಈ ಮಲಕಾಜಪ್ಪಗ? ನನ್ನ ಅಂಜಸೋ ಮಗಾ ಇನ್ನೂ ಹುಟ್ಟಿಲ್ಲೋ!”

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವನು ಹಲಗೆಗಳ ಹತ್ತಿರ ಬಂದ. ಕೇಳದೆಯೇ ಬ್ರಷ್ ಹಿಡಿದ. ಅರ್ಧ ಸಾಲು ತೊಳೆದ ಮೇಲೆ, “ಮಾವಾ, ನಿನ್ನ ಗೆಳ್ಯಾರೊಳಗ ಯಾರರೆ ಪಟಾ ಕಳಿಸಿ ಸಿಕ್ಕೊಂಡಿದ್ರೇನು?” ಎಂದ.

“ಅಂಥಾ ಹುಚ್ಚಪ್ಯಾಲಿಗೋಳು ನನ್ನ ಗೆಳ್ಯಾರಲ್ಲ ಬಿಡಲೇ.”

ನಕ್ಕ. ಒಂದು ಸಾಲು ಹಲಗೆ ಚೊಕ್ಕಟವಾಗಿ ತೊಳೆದುಕೊಟ್ಟು ಹೋದ. ಮರುದಿನ ಕನ್ನಡಿಯನ್ನು ಮೊಸರು ಗಡಿಗೆಗಳ ಪಕ್ಕದಲ್ಲಿಟ್ಟು ಊರು ಬಿಟ್ಟಿದ್ದ. ಕನ್ನಡಿಯ ತುಂಬ ಬೆದರಿಕೆ: ಕೇಳಿದಷ್ಟು ಕೊಡು, ಇಲ್ಲವೆ ನಿನ್ನ ಪಟ ಎಲ್ಲರಿಗೂ ಕಳಿಸುತ್ತೇವೆ. ಅವನ ಕೊನೆಯ ಉತ್ತರ ಒಂದೇ ಸಾಲು: “ನಮ್ಮ ಮಾವಗ ಮಾತ್ರ ಕಳಸಬ್ಯಾಡ್ರಿ.”

“ಅಣ್ಣಾ, ಅವತ್ತ ಊಟಕ್ಕ ಕುಂತು ಖರೇ ಹೇಳಿದ್ದೇನು?” ಎಂದು ತಂಗಿ ಕೇಳಿದಳು. ಹೌದವ್ವಾ ಎಂದೆ. ಆಗಲೂ.

ನಾಲ್ಕು ವರ್ಷವಾಯಿತು. ಅವನ ಪಾಲಿನ ಗಡಿಗೆಗೆ ಅವಳು ದಿನಾ ಹೆಪ್ಪು ಹಾಕುತ್ತಾಳೆ.

ಈ ಊಟ ಶುರುಮಾಡಿದವರು ನೀವೇ ಎನ್ನುತ್ತಾರೆ. ಇನ್ನೂ ಮಾಡಿರದಿದ್ದರೆ ಇವತ್ತೇ ಮಾಡಿ. ಜಂಭದ ಮಾವನ ಪಕ್ಕದಲ್ಲಿ ಅವನ ನಿಜ ಬಲ್ಲವರೊಬ್ಬರನ್ನು ಕೂರಿಸಿ. ಸಿಕ್ಕಿಕೊಂಡ ಮಗುವಿಗೆ ಯಾಕೆ ಕಳಿಸಿದೆ ಎನ್ನಬೇಡಿ. ಬಂದು ಹೇಳಿದೆಯಲ್ಲ, ಒಳ್ಳೇದಾಯಿತು ಅನ್ನಿ. ದುಡ್ಡು ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಬೆದರಿಕೆಯನ್ನು ಅಳಿಸದೆ ಇಟ್ಟುಕೊಂಡು, ಮಗುವಿನ ಜೊತೆ ನಡೆದುಹೋಗಿ ದೂರು ಕೊಡಿ. ನಾಚಬೇಕಾದವನು ಬೆದರಿಸಿದವನು.

ಸಂಗನಬಸು, ಈ ಕಾಗದದ ಒಂದು ಪ್ರತಿಯನ್ನು ನಿನ್ನ ಗಡಿಗೆಯ ಕೆಳಗಿಟ್ಟಿದ್ದೇನೆ, ನಿಮ್ಮವ್ವನೂ ಓದಲಿ. ನಿನ್ನ ಊಟ ಇನ್ನೂ ಮುಗಿದಿಲ್ಲ. ಹದಿನೇಳರಲ್ಲಿ ನಾನೂ ಪಟ ಕಳಿಸಿದೆ. ಹನ್ನೊಂದು ತಿಂಗಳು ಅಂಜಿಕೊಂಡೇ ಉಂಡೆ, ಅಂಜಿಕೊಂಡೇ ಮಲಗಿದೆ. ನಿಮ್ಮಜ್ಜಿಯ ಬೆಂಡೋಲೆ ಹಿನ್ನೀರಿಗೆ ಬಿತ್ತೆಂದು ಊರೆಲ್ಲ ಮುಳುಗಿ ಹುಡುಕಿತಲ್ಲ, ಅದನ್ನು ಮಾರಿದವನು ನಾನು. ಒಂದು ಪೈಸೆಯೂ ಹೋಗಲಿಲ್ಲ ಎಂದಿದ್ದೆ. ಹೋದದ್ದು ಒಂದು ಲಕ್ಷ ಎಂಬತ್ತೇಳು ಸಾವಿರದ ನಾಲ್ಕುನೂರು ರೂಪಾಯಿ.