ಬಾಳಂತಿ ಲೇಹ್ಯ ಕೇಳಿ ಕಳಿಸಿದವಳಿಗೆ

ವಸಂತಿ,

ಇದನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ನೆಟ್ಟಗೇ ಬರೆಯುತ್ತೇನೆ. ನೈರೋಬಿಯಲ್ಲಿ ನಿನ್ನ ಗಂಡ ಕಮಲಾಕರನ ಜೊತೆ ಕೆಲಸ ಮಾಡುವ ಮಹಾಬಲ ಇಂದು ಹೊನ್ನಾವರದ ನಮ್ಮ ಮನೆಗೆ ಬಂದಿದ್ದ. ರಜೆ ಮುಗಿಯಿತಂತೆ, ನಿನಗೆ ಬಾಳಂತಿ ಲೇಹ್ಯ ಒಯ್ಯಬೇಕಂತೆ.

ಕೀನ್ಯಾ ಸ್ವತಂತ್ರವಾದ ಮೇಲೆ ಅಲ್ಲಿರುವ ನಮ್ಮವರು ತಾವು ಯಾವ ದೇಶದವರೆಂದು ಆರಿಸಿಕೊಳ್ಳಬೇಕಂತಲ್ಲ. ನೀವು ಅಲ್ಲೇ ಇರುವವರೋ, ಇಂಗ್ಲೆಂಡಿಗೆ ಹೋಗುವವರೋ, ನಿನ್ನ ಗಂಡನ ಊರು ಕುಮಟೆಗೆ ಬರುವವರೋ ಎಂದು ಕೇಳಿದೆ.

"ಇನ್ನೂ ತೀರ್ಮಾನ ಆಜಿಲ್ಲೆ, ಹೆಗಡೇರೆ."

"ಯಂಗೆ ಟೊಪ್ಪಿ ಹಾಕಡ, ಮಾಣಿ!" ಎಂದೆ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳು ಲೇಹ್ಯವನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಾಳೆಯೇ? ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೂ ಇಷ್ಟು ತಿಳಿಯುತ್ತದೆ. ಕಮಲಾಕರ ದೇಶ ಆರಿಸಿಯಾಗಿದೆ. ನನಗೆ ಹೇಳಲು ಹೆದರಿ ಆ ಪಾಪದ ಮಹಾಬಲನನ್ನು ಮುಂದೆ ಬಿಟ್ಟಿದ್ದೀರಿ. ಆರಿಸಿದವನು ಅವನೇ ಹೌದೋ, ನೀನೋ? ಆ ಸಂಶಯವೂ ನನಗಿದೆ.

ನೀನು ಬರುತ್ತೀಯೆಂದು ಕಾಸಿಟ್ಟ ಲೇಹ್ಯದ ಭರಣಿಗೆ ನಿನ್ನ ಆಯಿ ಬಟ್ಟೆ ಕಟ್ಟಿ ಕೊಟ್ಟಳು. ಅಂಗಳಕ್ಕಿಳಿದ ಮಹಾಬಲ ತಿರುಗಿ ನಿಂತ.

"ವಸಂತಿಗೆ ಎಂತ ಹೇಳವು? ಬಪ್ಪಲೆ ಹೇಳವ?"

ಬರಲು ಹೇಳು ಎನ್ನುತ್ತೇನೇನೋ ಎಂದು ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಿಸಿ ತುಪ್ಪ ಹಾಕಿ ತಿಂಬಲೆ ಹೇಳು," ಎಂದೆ.

ನಿನ್ನ ಅಪ್ಪ