ನಕ್ಕವರ ಆಮೆನ್

ಭಾನುವಾರ, ರಾತ್ರಿ

ಸಿಟ್ಟು ಇಳಿಯುತ್ತಲೇ ಇಲ್ಲ. ಇವತ್ತು ಚರ್ಚಿನಲ್ಲಿ ಪ್ರಸಂಗ ಹೇಳುತ್ತಾ, ದೇವರು ಬಲಹೀನರ ಮೂಲಕವೇ ಕೆಲಸ ಮಾಡುತ್ತಾನೆಂದು ತೋರಿಸಲು ಪಾದ್ರಿಗಳು, ದಿನ ತುಂಬದೆ ಹುಟ್ಟಿದ ನನ್ನ ಕೂಸಿನ ಹೊದಿಕೆ ಬಿಚ್ಚಿ, ಫ್ಯಾನಿನ ಕೆಳಗೆ ಎತ್ತಿ ಹಿಡಿದರು. ಅದರ ತುಟಿ ನೀಲಿಯಾಗುತ್ತಿತ್ತು. ಸಭೆಯೆಲ್ಲ ಆಮೆನ್ ಎಂದಿತು. ಇಷ್ಟು ಓದಿದ ನಾನು ಕೂತೇ ಇದ್ದೆ. ಎದ್ದವಳು ತೊದಲುವ ನಾದಿನಿ.

"ಕೊ... ಕೊ... ಕೊಡಿ ಅಯ್ಯನೋರೇ, ಅದಕ್ಕೆ ಚ... ಚಳಿ!"

ಜನ ಕಿಸಕ್ಕನೆ ನಕ್ಕರು.

"ಕೂತ್ಕೊಳ್ಳಮ್ಮ, ಪ್ರಸಂಗ ಮುಗೀಲಿ," ಎಂದರು ಪಾದ್ರಿಗಳು.

ಅವಳು ಕೂರಲಿಲ್ಲ. ಮಗುವನ್ನು ಕಸಿದುಕೊಂಡು ಎದೆಗವಚಿಕೊಂಡಳು. ಬಲಹೀನರ ಆ ಪ್ರಸಂಗವೇ ಅವಳ ರೂಪದಲ್ಲಿ ಕಣ್ಣೆದುರು ಎದ್ದು ನಿಂತಿತ್ತು, ಅದಕ್ಕೇ ನಕ್ಕರಲ್ಲ!

ಈಗಲೂ ಕೂಸು ಅವಳ ಎದೆಯ ಮೇಲೆ ಬೆಚ್ಚಗೆ ಮಲಗಿದೆ. ದೇವರೇ, ಅವಳನ್ನು ಎಬ್ಬಿಸಿದ್ದು ನೀನೇ ಇರಬಹುದು. ಆದರೆ ಅವರು ನಕ್ಕಾಗ ನಿನಗೂ ಸಿಟ್ಟು ಬಂತೋ ಇಲ್ಲವೋ? ಮೊದಲು ಅದನ್ನು ಹೇಳು. ಆಮೇಲೆ ಬೇಕಾದರೆ ನಾನು ಪ್ರಾರ್ಥನೆ...